ಊರಿನ ಯೋಜನೆಯಲ್ಲಿ ಊರಿನವರ ಪಾತ್ರ

ಒಂದು ಊರಿನ ಅಭ್ಯುದಯವು ಆ ಊರಿನವರ ಸಮ್ಮತಿಯಿಲ್ಲದೆ ನಡೆಯಲಾರದು. ನಡೆದರೂ ಬಹುಕಾಲ ಬಾಳಲಾರದು. ಈ ಮಾತು ಹೊಸದೇನೂ ಅಲ್ಲ. ಆದರೆ ಕೆಲವು ಮಾತುಗಳು ಹಳೆಯವೆಂಬ ಕಾರಣಕ್ಕಾಗಿಯೇ ಮರೆತುಹೋಗುತ್ತವೆ. ಆದುದರಿಂದ ಈ ಸ್ಮರಣ ಸಂಚಿಕೆಯ ಮೂಲಕ ಅದನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಮತ್ತೊಮ್ಮೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಚನ್ನಗಿರಿ ಸೀಮೆಯ ಸೂಳೆಕೆರೆಯನ್ನು ನೋಡದವರು ನಮ್ಮಲ್ಲಿ ವಿರಳ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಹರಿದ್ರಾವತಿಯ ನೀರನ್ನು ತಡೆದು, ಸಿದ್ಧನಾಲೆ ಬಸವನಾಲೆಗಳ ಮೂಲಕ ಹೊಲಗದ್ದೆಗಳಿಗೆ ಹರಿಸಿದ ಪೂರ್ವಿಕರ ಜಾಣ್ಮೆ ಇಂದಿಗೂ ವಿಸ್ಮಯಕರ. ಆ ಕೆರೆಯ ಕುರಿತು ಒಂದು ಐತಿಹ್ಯವಿದೆ. ಶಾಂತವ್ವೆಯು ಕೆರೆ ಕಟ್ಟಿಸಲು ಮುಂದಾದಾಗ ಮುಳುಗುವ ನೆಲ ಸೂಳೆಗೇರಿಯವರದಾಗಿತ್ತಂತೆ. ಕೆರೆಗೆ ತಮ್ಮ ಹೆಸರು ನಿಲ್ಲಬೇಕೆಂಬ ಷರತ್ತಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರಂತೆ. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಅದರೊಳಗಿನ ನೀತಿ ಸ್ಪಷ್ಟವಾಗಿದೆ: ಅರಸುಮನೆತನದ ಹೆಣ್ಣುಮಗಳೂ ಸಮಾಜವು ಕೀಳೆಂದು ಬಗೆದವರ ಬಾಗಿಲಿಗೆ ಹೋಗಿ ಕೇಳಬೇಕಾಯಿತು, ಕೊಟ್ಟ ಮಾತಿಗೆ ತಲೆಬಾಗಬೇಕಾಯಿತು. ಇಂದು ನಾವು ಆ ಕೆರೆಯನ್ನು ಶಾಂತಿಸಾಗರವೆಂದು ಕರೆದು ಗೌರವಿಸುತ್ತೇವೆ. ನೆಲ ಕೊಟ್ಟವರ ಷರತ್ತನ್ನು ಮರೆಯುತ್ತೇವೆ. ನಮ್ಮ ಅನೇಕ ಯೋಜನೆಗಳ ಗತಿಯೂ ಹೀಗೆಯೇ ಆಗಿದೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ಮುಂದೆ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲದ ಗುಣ ಒಂದಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟ ಹಬ್ಬುತ್ತಿದೆ, ಅದರೊಡನೆ ನೀರಿನ ದಾಹವೂ ಹಬ್ಬುತ್ತಿದೆ. ಹೊನ್ನಾಳಿಗೆ ತುಂಗಭದ್ರೆಯು ಅನ್ನವನ್ನೂ ಕೊಡುತ್ತಾಳೆ, ನೆರೆಯ ಭಯವನ್ನೂ ಕೊಡುತ್ತಾಳೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವಿರುವ ನ್ಯಾಮತಿ ಸೀಮೆಯ ತಾಂಡಾಗಳಿಂದ ಜನರು ದುಡಿಮೆಯನ್ನರಸಿ ಗುಳೆ ಹೋಗುತ್ತಾರೆ. ಜಗಳೂರಿನ ರೈತನಾದರೋ ಮುಗಿಲನ್ನೇ ನಂಬಿ ಬಾಳಿದವನು. ಇಂತಹ ನಾಲ್ಕು ನೆಲಗಳಿಗೆ ರಾಜಧಾನಿಯಲ್ಲಿ ಒಂದೇ ಅಳತೆಯ ಅಂಗಿ ಹೊಲಿದರೆ ಯಾರ ಮೈಗೂ ಹೊಂದಲಾರದು.

ಕಾನೂನಿನ ಕೊರತೆ ನಮಗಿಲ್ಲ. ಅಬ್ದುಲ್ ನಜೀರ್ ಸಾಹೇಬರ ಪರಿಶ್ರಮದಿಂದ ರೂಪುಗೊಂಡ 1983ರ ಶಾಸನದ ಮೇರೆಗೆ 1987ರಲ್ಲಿ ಚುನಾವಣೆಗಳು ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಸ್ತಿತ್ವಕ್ಕೆ ಬಂದುವು. ಸಂವಿಧಾನದ 73ನೆಯ ತಿದ್ದುಪಡಿಯ ತರುವಾಯ 1993ರ ಪಂಚಾಯತ್ ರಾಜ್ ಅಧಿನಿಯಮ ಬಂತು. ಗ್ರಾಮಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಆದಾಗ್ಯೂ ಎಷ್ಟೋ ಕಡೆ ಗ್ರಾಮಸಭೆಯೆಂದರೆ ಮೊದಲೇ ಸಿದ್ಧವಾದ ಪಟ್ಟಿಯನ್ನು ಓದಿ ಸಹಿ ಪಡೆಯುವ ಶಾಸ್ತ್ರವಾಗಿ ಪರಿಣಮಿಸಿದೆ. 2021ರಲ್ಲಿ ಅವಧಿ ಮುಗಿದ ಬಳಿಕ ತಾಲ್ಲೂಕು ಹಾಗೂ ಜಿಲ್ಲಾ ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅದಕ್ಕಾಗಿ ನಾವು ಬೀದಿಗಿಳಿದದ್ದೂ ಕಡಿಮೆ. ದೋಷ ಅಧಿಕಾರಿಗಳದು ಮಾತ್ರವಲ್ಲ, ನಮ್ಮದೂ ಹೌದು.

ಜಗಳೂರಿನ ಉದಾಹರಣೆಯನ್ನು ನೋಡೋಣ. ತುಂಗಭದ್ರೆಯಿಂದ ನೀರೆತ್ತಿ ಆ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ಸಿರಿಗೆರೆಯ ಶ್ರೀ ತರಳಬಾಳು ಜಗದ್ಗುರುಗಳ ಆಸ್ಥೆ ಬೆಂಬಲವಾಗಿ ನಿಂತುದು ಸರ್ವವಿದಿತ. ಜನರ ಬೇಡಿಕೆಗೆ ಮಠದ ಧ್ವನಿ ಕೂಡಿದರೆ ಸರ್ಕಾರವು ಕಿವಿಗೊಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ನೀರು ಕೆರೆಗೆ ಬಂದೊಡನೆ ಕೆಲಸ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಹೂಳು ತೆಗೆಯುವವರು ಯಾರು? ಅಂಗಳದ ಒತ್ತುವರಿಯನ್ನು ತಡೆಯುವವರು ಯಾರು? ತುಂಬಿದ ಕೆರೆಯನ್ನು ನೋಡಿ ಎಲ್ಲರೂ ಅಡಿಕೆ ಹಾಕಿದರೆ, ದನಕರುಗಳಿಗೂ ಕೆಳಗಟ್ಟಿನ ಸಣ್ಣ ಹಿಡುವಳಿದಾರನಿಗೂ ಉಳಿಯುವುದೇನು? ಈ ಪ್ರಶ್ನೆಗಳಿಗೆ ಯಾವ ಇಂಜಿನಿಯರೂ ಉತ್ತರಿಸಲಾರ; ಊರೇ ಕುಳಿತು ಉತ್ತರಿಸಬೇಕು.

ಇಲ್ಲಿ ಒಂದು ಕಹಿಮಾತನ್ನೂ ಆಡಬೇಕಾಗಿದೆ. ಮಠ ಮಾತನಾಡಿದರೆ ಸಾಕೆಂದು ಭಕ್ತರು ಸುಮ್ಮನಾಗುವುದು, ದಾನಿಗಳ ಅಭಿಪ್ರಾಯವನ್ನೇ ಊರಿನ ಅಭಿಪ್ರಾಯವೆಂದು ಬಗೆಯುವುದು, ಇವೆರಡೂ ಶರಣಧರ್ಮಕ್ಕೆ ಒಪ್ಪುವಂಥವಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಮಾದಾರ ಚನ್ನಯ್ಯ, ಅಂಬಿಗರ ಚೌಡಯ್ಯ, ಕಾಯಕಜೀವಿಗಳಾದ ಶರಣೆಯರು ಸಮಾನ ಗೌರವ ಪಡೆದರೆಂದು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅವರ ಮೊಮ್ಮಕ್ಕಳಂತಿರುವ ಕೇರಿಯವರು, ತಾಂಡಾದವರು, ಕೂಲಿ ಹೆಣ್ಣುಮಕ್ಕಳು ನಮ್ಮೂರ ಗ್ರಾಮಸಭೆಯಲ್ಲಿ ಎಲ್ಲಿ ಕುಳಿತಿರುತ್ತಾರೆಂಬುದನ್ನು ಎಷ್ಟು ಜನ ಗಮನಿಸಿದ್ದೇವೆ?

ಇದಕ್ಕೆ ನಮ್ಮ ವಿದ್ಯಾಸಂಸ್ಥೆ ಮಾಡಬಹುದಾದುದು ಬಹಳವಿದೆ. ಅಧ್ಯಾಪಕರು ಮಕ್ಕಳಿಂದ ತಂತಮ್ಮ ಊರಿನ ಕೆರೆ, ಬಾವಿ, ಗೋಮಾಳ, ದಾರಿಗಳ ನಕ್ಷೆ ಬರೆಯಿಸಲಿ. ಅದನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಂಡಿಸಲಿ. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಜಾತ್ರೆಗೆ ಬರುವಂತೆ ವರ್ಷಕ್ಕೊಮ್ಮೆ ಗ್ರಾಮಸಭೆಗೂ ಬರಲಿ. ಕ್ರಿಯಾಯೋಜನೆಯ ಲೆಕ್ಕವನ್ನು ಓದಿ, ಓದಲು ಬಾರದವರಿಗೆ ತಿಳಿಯಹೇಳಲಿ. ದಾನಿಗಳು ಕಟ್ಟಡಕ್ಕೆ ಕೊಡುವ ಮೊದಲು ಊರನ್ನು ಒಂದು ಮಾತು ಕೇಳಲಿ: ನಿಮಗೆ ಬೇಕಾದುದು ಮಹಾದ್ವಾರವೋ, ಹೆಣ್ಣುಮಕ್ಕಳ ಶೌಚಾಲಯವೋ? ಬರುವ ಉತ್ತರ ನಮಗೆ ಹಿಡಿಸದಿರಬಹುದು. ಆದರೂ ಅದಕ್ಕೆ ತಲೆಬಾಗುವುದೇ ನಿಜವಾದ ದಾಸೋಹ.

ಕೇಳಿ ಕಟ್ಟಿದ ಕೆರೆ ಶತಮಾನಗಳಿಂದ ನಿಂತಿದೆ. ಕೇಳದೆ ಕಟ್ಟಿದ್ದನ್ನು ಕಾಯುವವರು ಯಾರೂ ಇರುವುದಿಲ್ಲ.