ನಮ್ಮೂರಿಗೆ ರೈಲು ಬಂತು!

ಸೋದರಿಯರೇ, ಕೊಳ್ಳೇಗಾಲಕ್ಕೆ ರೈಲು ಬಂತು ಅಂದರೆ ನಂಬ್ತೀರಾ? ನಮ್ಮೂರಿಗೂ ರೈಲಿಲ್ಲ, ಹನೂರಿಗೂ ಇಲ್ಲ, ನನ್ನ ತವರು ಯಳಂದೂರಿಗೂ ಇಲ್ಲ. ರೈಲು ಹತ್ತಬೇಕಾದರೆ ಬಸ್ಸು ಹಿಡಿದು ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಬರಬೇಕಾದ ಹೆಜ್ಜಾಲ-ಚಾಮರಾಜನಗರ ಮಾರ್ಗ 1996-97ರಲ್ಲೇ ಮಂಜೂರಾಯಿತು. ಹಳಿ ಮಾತ್ರ ಇನ್ನೂ ಬಿದ್ದಿಲ್ಲ. ಆದರೆ ಈ ವರ್ಷ ಶಾಲೆಯ ವಾರ್ಷಿಕ ವಸ್ತುಪ್ರದರ್ಶನದಲ್ಲಿ ಆ ರೈಲು ಓಡಿತು. ಓಡಿಸಿದವಳು ಒಂಬತ್ತನೇ ಕ್ಲಾಸಿನ ನನ್ನ ಮಗಳು.

“ಹೆಣ್ಣುಮಗೂಗೆ ರೈಲು ಯಾಕ್ರೀ? ಕಸೂತಿನೋ ಹೂವಿನ ಕೆಲಸಾನೋ ಇಡಬಾರದಾ?” ಅಂದರು ಪಕ್ಕದ ಮನೆಯವರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಗೊತ್ತಾಯಿತು, ಇದು ಬರೀ ಮಕ್ಕಳಾಟ ಅಲ್ಲ ಅಂತ. ಲಂಡನ್ನಿನಲ್ಲಿ ದೊಡ್ಡವರೇ ಸೇರಿ 1910ರಲ್ಲಿ ಮಾದರಿ ರೈಲಿನ ಕ್ಲಬ್ಬು ಕಟ್ಟಿದರಂತೆ. ನಮ್ಮ ದೇಶದ ಪುಣೆಯಲ್ಲೇ 1998ರಿಂದ ಪುಟಾಣಿ ರೈಲುಗಳದೊಂದು ಮ್ಯೂಸಿಯಂ ಇದೆ.

ಮೊದಲು ನಿಜವಾದ ರೈಲು ನೋಡೋಣ ಅಂತ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದೆವು. 1979ರಲ್ಲಿ ಶುರುವಾದದ್ದು, ರೈಲು ನಿಲ್ದಾಣದ ಹತ್ತಿರವೇ ಇದೆ. ಹನೂರಿನಿಂದ ನನ್ನ ತಂಗಿಯ ಮಗನೂ ಬಂದಿದ್ದ. ಮಕ್ಕಳು ಇಂಜಿನ್ನಿನ ಚಕ್ರ, ಕೊಂಡಿ ನೋಡಿ ಬರೆದುಕೊಳ್ಳುತ್ತಿದ್ದರೆ ನಾನು ಮಹಾರಾಣಿಯವರ 1899ರ ಸಲೂನ್ ಗಾಡಿಯ ಮುಂದೆ ನಿಂತುಬಿಟ್ಟೆ. ಗಾಡಿಯಲ್ಲೇ ಅಡುಗೆಮನೆ, ಊಟದ ಜಾಗ! ಅಲುಗಾಡುವ ಗಾಡಿಯಲ್ಲಿ ಸಾರು ಹೇಗೆ ಕುದಿಸುತ್ತಿದ್ದರೋ ಅನ್ನೋದೇ ನನ್ನ ಯೋಚನೆ.

ಬರುವಾಗ ಬ್ಯಾಟರಿಯಲ್ಲಿ ಓಡುವ ಆಟದ ರೈಲು, ಹಳಿ ಕೊಂಡುತಂದೆವು. ಡಬ್ಬದ ಮೇಲೆ 1:87 ಅಂತ ಬರೆದಿತ್ತು. ಅಂದರೆ ನಿಜವಾದದ್ದರ 87ನೇ ಒಂದು ಪಾಲು. 21 ಮೀಟರ್ ಉದ್ದದ ಬೋಗಿ ಇಲ್ಲಿ ಸುಮಾರು 24 ಸೆಂಟಿಮೀಟರ್, ಮನುಷ್ಯ ಎರಡೇ ಸೆಂಟಿಮೀಟರ್. ಇದು ತಿಳಿಯದೆ ನಾನು ಗೊಂಬೆಹಬ್ಬಕ್ಕೆ ಪಾರ್ಕು ಮಾಡುವ ಹಾಗೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸಿದೆ. “ಅಮ್ಮಾ, ನಿನ್ನ ಮೂರಂಗುಲದ ರಾಗಿ ನನ್ನ ಲೆಕ್ಕದಲ್ಲಿ 21 ಅಡಿ ಮೀರುತ್ತೆ!” ಅಂತ ಮಗಳು ನಕ್ಕಳು. ಕೊನೆಗೆ ಅದನ್ನೇ ತೆಂಗಿನ ತೋಟ ಅಂತ ಕರೆದೆವು.

ನಡುಮನೆಯಲ್ಲಿ 8x4 ಅಡಿಯ ಪ್ಲೈವುಡ್ ಹಾಸಿ ಕೆಲಸ ಶುರು. ಒಂದು ಕಡೆ ಮಳವಳ್ಳಿ, ಇನ್ನೊಂದು ಕಡೆ ಕೊಳ್ಳೇಗಾಲದ ಸ್ಟೇಷನ್, ಮಧ್ಯೆ ಕಾವೇರಿ. ನದಿಗೆ ನಮ್ಮತ್ತೆ ತಮ್ಮ ಹಳೇ ನೀಲಿ ರೇಷ್ಮೆ ಸೀರೆಯ ಸೆರಗನ್ನೇ ಕತ್ತರಿಸಿ ಕೊಟ್ಟರು. ಪೇಪರು ನೆನೆಸಿ, ಮೈದಾ ಅಂಟಿನಲ್ಲಿ ಎರಡಡಿ ಎತ್ತರದ ಬಿಳಿಗಿರಿರಂಗನ ಬೆಟ್ಟ ಮಾಡಿದೆವು.

ತಪ್ಪು ಆದದ್ದು ಇಲ್ಲೇ, ಮಾಡಿದವಳು ನಾನೇ. “ಬೆಟ್ಟ ಶಾಲೆಯಲ್ಲೇ ಅಂಟಿಸೋಣ” ಅಂದಳು ಮಗಳು. “ಮನೆಗೆ ನೆಂಟರು ಬರ್ತಾರೆ, ಚೆನ್ನಾಗಿ ಕಾಣಲಿ, ಈಗಲೇ ಅಂಟಿಸು” ಅಂತ ನಾನು ಹಟ ಹಿಡಿದೆ. ಹಿಂದಿನ ದಿನ ಸಂಜೆ ಎತ್ತಿದರೆ, ಬೆಟ್ಟ ಹೊತ್ತ ಎಂಟಡಿ ಹಲಗೆ ಪಡಸಾಲೆಯ ತಿರುವಿನಲ್ಲಿ ತಿರುಗಲೇ ಇಲ್ಲ! ಯಳಂದೂರಿನಿಂದ ನಮ್ಮಣ್ಣ ಗರಗಸ ಹಿಡಿದು ಬಂದ. ರಾತ್ರಿ ಒಂಬತ್ತಕ್ಕೆ ಕಾವೇರಿಯ ಮಧ್ಯಕ್ಕೇ ಸರಿಯಾಗಿ ಕುಯ್ದು ಎರಡು ಹಲಗೆ ಮಾಡಿದ. ಮಗಳು ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೇ ವಾಸಿ ಇತ್ತು.

ಮೊದಲನೇ ದಿನ ಶಾಲೆಯಲ್ಲಿ ಎರಡು ಡೆಸ್ಕು ಸೇರಿಸಿ ಹಲಗೆ ಜೋಡಿಸಿದರು. ತೀರ್ಪುಗಾರರು ಬಂದು ನಿಂತರು. ರೈಲು ಹೊರಟಿತು. ಸೇತುವೆ ಮುಟ್ಟಿದ್ದೇ ತಡ, ಕೂಡುವ ಜಾಗದಲ್ಲಿ ಎಗರಿ ನೀಲಿ ಸೆರಗಿನ ಮೇಲೆ ಬಿತ್ತು. ಎತ್ತಿಟ್ಟರೆ ಮತ್ತೆ ಬಿತ್ತು. “ರೈಲೇ ಕಾಣದ ಊರು, ಇನ್ನೇನಾದೀತು” ಅಂತ ಯಾರೋ ನಕ್ಕರು. ನನ್ನ ಕಣ್ಣು ತುಂಬಿತು. “ಬಾ ಪುಟ್ಟಿ, ಮನೆಗೆ ತಗೊಂಡು ಹೋಗೋಣ” ಅಂದೆ. “ನಾಳೆಯೂ ಪ್ರದರ್ಶನ ಇದೆಯಲ್ಲಮ್ಮ” ಅಂದಳು, ಅಷ್ಟೇ.

ಜನ ಹೋದ ಮೇಲೆ ಅವಳೂ ತಮ್ಮನೂ ಒಂದು ಗೋಲಿ ತಂದು ಹಲಗೆಯ ಮೇಲಿಟ್ಟರು. ಗೋಲಿ ಮಳವಳ್ಳಿ ಕಡೆಗೇ ಉರುಳಿತು. ಆ ಡೆಸ್ಕು ಅರ್ಧ ಅಂಗುಲ ತಗ್ಗು! ಹಳೇ ಲಗ್ನಪತ್ರಿಕೆ ಮಡಚಿ ಮಡಚಿ ಕಾಲಿನ ಕೆಳಗೆ ಕೊಟ್ಟರು. ಹಲಗೆಗಳನ್ನು ಎರಡು ಬೋಲ್ಟು ಹಾಕಿ ಬಿಗಿದರು. ಮಾದರಿ ರೈಲಿನ ಕ್ಲಬ್ಬಿನವರೂ ಹಲಗೆಗಳನ್ನು ತುಂಡು ತುಂಡಾಗಿಯೇ ಒಯ್ದು ಪ್ರದರ್ಶನದ ಜಾಗದಲ್ಲಿ ಜೋಡಿಸುತ್ತಾರಂತೆ. ಅಂದರೆ ಹಲಗೆ ಕುಯ್ದದ್ದು ತಪ್ಪಲ್ಲ, ಮೊದಲೇ ಯೋಚಿಸದೆ ಇದ್ದದ್ದು ತಪ್ಪು.

ಎರಡನೇ ದಿನ ರೈಲು ಸಂಜೆವರೆಗೂ ಓಡಿತು. ಬಹುಮಾನ ಬರಲಿಲ್ಲ, ಅದು ಹಿಂದಿನ ದಿನವೇ ತೀರ್ಮಾನವಾಗಿತ್ತು. ನಮ್ಮತ್ತೆ ಇದುವರೆಗೆ ರೈಲು ಹತ್ತಿದವರಲ್ಲ. ಕುರ್ಚಿ ಹಾಕಿಸಿಕೊಂಡು ತಮ್ಮ ಸೆರಗಿನ ಮೇಲೆ ಹೋಗಿ ಬರುವ ಗಾಡಿಯನ್ನು ನೋಡುತ್ತಾ ಕೂತರು. ಆಮೇಲೆ, “ಪುಟ್ಟಿ, ಕೊಳ್ಳೇಗಾಲದಲ್ಲಿ ಒಂದೆರಡು ನಿಮಿಷ ನಿಲ್ಲಿಸೇ. ನನ್ನಂಥ ಮುದುಕೀರು ಹತ್ತಬೇಡವಾ?” ಅಂದರು. ಮಗಳು ಅವತ್ತೆಲ್ಲ ಪ್ರತಿ ಸುತ್ತಿಗೂ ನಿಲ್ಲಿಸಿದಳು.

ನಿಮ್ಮ ಮಕ್ಕಳೂ ಪ್ರದರ್ಶನಕ್ಕೆ ಏನಾದರೂ ಮಾಡುತ್ತಿದ್ದರೆ ನಾನು ಪೆಟ್ಟು ತಿಂದು ಕಲಿತ ಈ ನಾಲ್ಕು ಮಾತು ನೆನಪಿರಲಿ:

• ಹಲಗೆ ಕೊಳ್ಳುವ ಮೊದಲು ಬಾಗಿಲು, ತಿರುವು, ಲಗೇಜ್ ಆಟೋ ಮೂರನ್ನೂ ಅಳೆಯಿರಿ.

• ಅಂಟು, ಗೋಲಿ, ರಟ್ಟಿನ ಚೂರು, ಒಂದು ಜೊತೆ ಹೊಸ ಬ್ಯಾಟರಿ ಚೀಲದಲ್ಲಿರಲಿ.

• ತಿಂಡಿಗೆ ಕಡ್ಲೆಪುರಿ, ಹುರಿಗಡಲೆ ಕಟ್ಟಿಕೊಡಿ. ಬೋಂಡ, ಚಕ್ಕುಲಿ ಬೇಡ. ಎಣ್ಣೆ ಕೈ ಹಳಿಗೆ ತಗುಲಿದರೆ ಚಕ್ರ ಜಾರುತ್ತದೆ.

• ಕೆಟ್ಟರೆ ಅವರೇ ಸರಿಮಾಡಲಿ. “ಮನೆಗೆ ಹೋಗೋಣ” ಅಂತ ಮಾತ್ರ ನಾವು ಮೊದಲು ಹೇಳುವುದು ಬೇಡ.