ಅರಿವು ಇತ್ತು ಸ್ವಾಮಿ, ಬೇಕಾದಷ್ಟಿತ್ತು



ಮೊನ್ನೆ ಒಂದು ಸಭೆಯಲ್ಲಿ ಡಾಕ್ಟರೊಬ್ಬರು ಹೇಳಿದರು: ಕೋವಿಡ್ ಕಾಲದಲ್ಲಿ ಸ್ಲಂ ಜನ ಶುಗರು, ಬಿಪಿ, ಟಿಬಿ ಇಟ್ಕೊಂಡು ಮನೇಲೇ ಕೂತರು, ಆಸ್ಪತ್ರೆಗೆ ಬರಲಿಲ್ಲ, ಕಾರಣ ಅರಿವಿನ ಕೊರತೆ. ಹೊಸಕೆರೆಹಳ್ಳಿಯಿಂದ ಎರಡು ಬಸ್ ಹತ್ತಿ ಹೋಗಿದ್ದು ಇದನ್ನ ಕೇಳೋಕಾ?

2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರನ್ನ ಗುಂಡಿಗೆ ಎಸೆದ ವಿಡಿಯೊ ನಮ್ಮ ಬೀದಿಯ ಮೊಬೈಲುಗಳಿಗೂ ಬಂತು. ಜಿಲ್ಲಾಡಳಿತ ಕ್ಷಮೆ ಕೇಳಿತು, ಸರಿ. ಹೆಣಕ್ಕೇ ಈ ಗತಿ ಅಂತ ಕಂಡ ಮೇಲೆ ಯಾವ ಧೈರ್ಯದ ಮೇಲೆ ಆಸ್ಪತ್ರೆಗೆ ಹೋಗ್ತಾರೆ? ಜುಲೈನಲ್ಲಿ ದೊಮ್ಮಲೂರಿನ ಎರಡು ಫ್ಲ್ಯಾಟ್ ಬಾಗಿಲಿಗೆ ಪಾಲಿಕೆಯವರು ತಗಡು ಹೊಡೆದರು. ಫೋಟೊ ಹರಿದಾಡಿದ್ದೇ ತಡ, ತಗಡು ಹೋಯ್ತು, ಆಯುಕ್ತರೇ ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೇದೇ. ಬಡವರ ಓಣಿಗೆ ಓಣಿಯನ್ನೇ ಮುಚ್ಚಿದಾಗ ಅಂಥ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಮನೆಕೆಲಸ, ಹತ್ತು ವರ್ಷದ ಶುಗರು. ದಿನಾ ಸಂಜೆ ಸರ್ಕಾರದ ಬುಲೆಟಿನ್ನಿನಲ್ಲಿ ಸತ್ತವರ ವಯಸ್ಸು, ಜಿಲ್ಲೆ, ಪಕ್ಕದಲ್ಲಿ ಡಯಾಬಿಟಿಸ್, ಬಿಪಿ ಅಂತ ಇರ್ತಿತ್ತಲ್ಲ? 'ಮೊದಲೇ ಕಾಯಿಲೆ ಇತ್ತಂತೆ' ಅನ್ನೋದು ಆರೋಗ್ಯವಂತರಿಗೆ ಸಮಾಧಾನ. ಅಕ್ಕನಿಗೆ ಅದು ತನ್ನ ಸರದಿ. ನಿದ್ದೆ ಹೋಯ್ತು. ಕಾಲುಬೆರಳಿನ ಗಾಯಕ್ಕೆ ಬಟ್ಟೆ ಸುತ್ತಿ ಮುಚ್ಚಿಟ್ಟರು. ಬನ್ನಿ ಹೋಗೋಣ ಅಂದ್ರೆ, 'ಅಲ್ಲಿಗೆ ಹೋದೆ ಅಂತ ಗೊತ್ತಾದ್ರೆ ಕೆಲಸದ ಮನೆಯೋರು ಗೇಟಿನ ಒಳಗೆ ಬಿಡಲ್ಲ ಕಣಪ್ಪ' ಅಂದರು. ಕೊನೆಗೆ ಹೋದಾಗ ಎರಡು ಬೆರಳು ತೆಗೆದರು. ಕಾಲು ನೋಡಿದವರು ನಾಲ್ಕು ಜನ. ರಾತ್ರಿ ನಿದ್ದೆ ಬರುತ್ತೇನಮ್ಮ ಅಂತ ಒಬ್ಬರೂ ಕೇಳಲಿಲ್ಲ.

ಇದು ಅರಿವಿನ ಕೊರತೆಯಾ?

ದೇಶದಲ್ಲಿ 2019ರಲ್ಲಿ ದಾಖಲಾದ ಟಿಬಿ ರೋಗಿಗಳು 24 ಲಕ್ಷ, 2020ರಲ್ಲಿ 18 ಲಕ್ಷ. ಟಿಬಿ ಹೆದರಿ ಓಡಿಹೋಯ್ತಾ? ಕೆಮ್ಮಿದರೆ ಎಳ್ಕೊಂಡು ಹೋಗ್ತಾರೆ ಅಂತ ಜನ ಬಾಗಿಲು ಹಾಕ್ಕೊಂಡರು ನಿಜ. ಇನ್ನರ್ಧ ಬಾಗಿಲು ಸರ್ಕಾರವೇ ಹಾಕಿತು. ಟಿಬಿ ಸಿಬ್ಬಂದಿ ಕೋವಿಡ್ ಕೆಲಸಕ್ಕೆ ಹೋದರು, ಬಡವರ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯ್ತು, ಬಸ್ ನಿಂತಿತು. (ಮೇಲಿಂದ 'ಸಾಮಾಜಿಕ ಅಂತರ ಕಾಪಾಡಿ' ಅಂತ ಮೈಕು. ಅದನ್ನ ನಮಗೆ ಹೊಸದಾಗಿ ಕಲಿಸಬೇಕಿತ್ತಾ!)

ಮನಸ್ಸಿನ ಚಿಕಿತ್ಸೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಅದೇ ಬಳ್ಳಾರಿಯಲ್ಲಿ. 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದು ಹಕ್ಕು ಅಂದಿತು. ಆ ಹಕ್ಕು ನಮ್ಮ ಬೀದಿಯ ತನಕ ಬಂದಿಲ್ಲ. ಫೋನ್ ಮಾಡಿ ಮಾತಾಡಿ ಅಂತಾರೆ. ಹತ್ತಡಿ ಕೋಣೆಯಲ್ಲಿ ಆರು ಜನ ಇರುವಾಗ ಅಕ್ಕ ಯಾರ ಎದುರು ಅಳಬೇಕು?

ನಮ್ಮ ಕ್ಲಿನಿಕ್ 4.30ಕ್ಕೆ ಮುಚ್ಚುತ್ತೆ, ಅಕ್ಕ ಕೆಲಸ ಮುಗಿಸೋದು 6ಕ್ಕೆ. ಶುಗರ್ ಮಾತ್ರೆ ಕೊಡೋ ಟೇಬಲ್ಲಿನ ಪಕ್ಕದಲ್ಲೇ ಒಬ್ಬ ಆಪ್ತಸಮಾಲೋಚಕರು ಕೂರಬೇಕು, ರಾತ್ರಿ 8ರ ತನಕ. ಇಷ್ಟನ್ನೇ ಬರೆದು ಆರೋಗ್ಯ ಇಲಾಖೆಗೆ ಅರ್ಜಿ ಕೊಡ್ತಿದ್ದೀವಿ. ಸಹಿ ಹಾಕೋರು ಭಾನುವಾರ ಬೆಳಿಗ್ಗೆ ಸಂಘದ ಕೊಠಡಿಗೆ ಬನ್ನಿ. ಆ ಡಾಕ್ಟರನ್ನೂ ಕರೆದಿದ್ದೀನಿ.