ಗುಂಡಿಗೆ ಇಳಿಸಿದವನ ಪಾಪ ಯಾರ ಲೆಕ್ಕಕ್ಕೆ?



ಹೋದ ತಿಂಗಳು ನಮ್ಮ ದೊಡ್ಡಮ್ಮನ ಮನೆಯಲ್ಲಿ ಪ್ರಾರ್ಥನೆ ಇತ್ತು. ಅವರ ಮಗ, ನನಗೆ ಅಣ್ಣ, ಮಲದ ಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತು ಆವತ್ತಿಗೆ ನಲವತ್ತು ದಿನ. ಇಳಿದು ಅಂತ ಬರೆದೆ, ತಪ್ಪು. ಇಳಿಸಿದ್ರು. ಪಾಸ್ಟರ್ ಒಳ್ಳೆಯ ಮನುಷ್ಯ, ನಮ್ಮ ಕೇರಿಯವರೇ. ಆದಾಮನ ಪಾಪದಿಂದ ಸಾವು ಲೋಕಕ್ಕೆ ಬಂತು, ನಾವೆಲ್ಲರೂ ಪಾಪಿಗಳು, ಪಶ್ಚಾತ್ತಾಪ ಪಡೋಣ ಅಂದ್ರು. ಎಲ್ಲರೂ ಆಮೆನ್ ಅಂದ್ರು. ದೊಡ್ಡಮ್ಮ ಮಾತ್ರ ತಲೆ ಎತ್ತಿ, "ಅಯ್ನೋರೇ, ಆ ಕಂಟ್ರಾಕ್ಟರು ಯಾವಾಗ ಪಶ್ಚಾತ್ತಾಪ ಪಡ್ತಾನೆ?" ಅಂತ ಕೇಳಿದ್ರು. ಯಾರೂ ಮಾತಾಡಲಿಲ್ಲ. ಹಾಡು ಶುರುವಾಯ್ತು.

ನಾನು ಕ್ರೈಸ್ತನಲ್ಲ. ಅಮ್ಮನ ಕಡೆಯವರು ಎರಡು ತಲೆಮಾರಿನಿಂದ ಸಭೆಗೆ ಹೋಗ್ತಾರೆ. ಆದ್ರೆ ದೊಡ್ಡಮ್ಮನ ಪ್ರಶ್ನೆ ತಲೆಯಿಂದ ಹೋಗ್ತಿಲ್ಲ, ಅದಕ್ಕೇ ಇಷ್ಟು ಬರೆಯೋದು.

ಮೊದಲು ನ್ಯಾಯವಾಗಿ ಒಂದು ಮಾತು ಹೇಳ್ತೀನಿ. ಎಲ್ಲರೂ ಪಾಪಿಗಳು ಅನ್ನೋ ಬೋಧನೆ ನಮ್ಮ ಅಜ್ಜಿಗೆ ಬಿಡುಗಡೆ ಥರ ಕೇಳಿಸಿತ್ತು. ಅಲ್ಲೀತನಕ ಅವರು ಕೇಳಿಸಿಕೊಂಡಿದ್ದು ಏನು? ಹಿಂದಿನ ಜನ್ಮದಲ್ಲಿ ಕೆಟ್ಟದ್ದು ಮಾಡಿದ್ದಕ್ಕೆ ಈ ಜಾತೀಲಿ ಹುಟ್ಟಿದ್ದೀಯ ಅಂತ. ಅಂದ್ರೆ ಪಾಪ ಬರೀ ನಮ್ಮದು, ಮೇಲಿನ ಬೀದಿಯವರದೆಲ್ಲ ಪುಣ್ಯ. ಇಲ್ಲಿ ನೋಡಿದ್ರೆ ಗೌಡನೂ ಪಾಪಿ, ಶಾನುಭೋಗನೂ ಪಾಪಿ, ಪಾದ್ರಿಯೂ ಪಾಪಿ! ಹುಟ್ಟಿನಿಂದ ಶುದ್ಧನಾದವನು ಒಬ್ಬನೂ ಇಲ್ಲ. ಅಜ್ಜಿ ಇದನ್ನ ಹೇಳಿ ಹೇಳಿ ನಗೋರು.

ಆದ್ರೆ ಅದೇ ಮಾತು ಸಾವಿನ ಮನೆಯಲ್ಲಿ ಬೇರೆ ಕೆಲಸ ಮಾಡುತ್ತೆ. ಎಲ್ಲರೂ ಪಾಪಿಗಳಾದ ಮೇಲೆ ಇಳಿಸಿದವನೂ ಸತ್ತವನೂ ಒಂದೇ ಸಾಲಲ್ಲಿ ಮಂಡಿಯೂರಬೇಕು. ಸತ್ತವನ ತಾಯಿ ಆಗಲೇ ಮಂಡಿಯೂರಿದ್ದಾಳೆ. ಇಳಿಸಿದವನು ಪ್ರಾರ್ಥನೆಗೇ ಬಂದಿಲ್ಲ.

ಪಾಪ ಹುಟ್ಟಿನಿಂದಲೇ ಬರುತ್ತೆ, ಆದಾಮನ ಅಪರಾಧ ಎಲ್ಲರ ಮೇಲೂ ಇದೆ ಅನ್ನೋದಕ್ಕೆ ಗಟ್ಟಿ ರೂಪ ಕೊಟ್ಟವನು ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ (354–430). ಪೌಲನು ರೋಮಿನವರಿಗೆ ಬರೆದ ಪತ್ರದ ಐದನೇ ಅಧ್ಯಾಯವನ್ನ ಆತ ಓದಿದ್ದು ಲ್ಯಾಟಿನ್ನಲ್ಲಿ. ಆ ಅನುವಾದದಲ್ಲಿ ಎಲ್ಲರೂ ಆದಾಮನೊಳಗೇ ಪಾಪ ಮಾಡಿದರು ಅನ್ನೋ ಅರ್ಥ ಹೊರಡುತ್ತಿತ್ತು. ಮೂಲ ಗ್ರೀಕ್ ಅಷ್ಟು ಹೇಳಲ್ಲ ಅಂತ ಇವತ್ತಿನ ಹೆಚ್ಚಿನ ವಿದ್ವಾಂಸರು ಒಪ್ತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಹುಟ್ಟಿನಿಂದ ಬರೋ ಅಪರಾಧವನ್ನ ಈ ರೀತಿ ಒಪ್ಪಿಕೊಂಡೇ ಇಲ್ಲ. ಹಾಗಾಗಿ ಇದು ಕ್ರಿಸ್ತನ ಬಾಯಿಂದ ನೇರ ಬಂದ ಮಾತು ಅಂತ ಯಾರೂ ನಮ್ಮನ್ನ ಹೆದರಿಸಬೇಕಾಗಿಲ್ಲ.

ಕ್ರಿಸ್ತನ ಕಡೆ ಹೋದ್ರೆ ಸಿಗೋದು ಯೋಹಾನನ ಒಂಬತ್ತನೇ ಅಧ್ಯಾಯ. ಹುಟ್ಟು ಕುರುಡನೊಬ್ಬನನ್ನ ನೋಡಿ ಶಿಷ್ಯರು, ಇದು ಇವನ ಪಾಪವೋ ಅಪ್ಪ ಅಮ್ಮನ ಪಾಪವೋ ಅಂತ ಕೇಳ್ತಾರೆ. ಎರಡೂ ಅಲ್ಲ ಅಂತಾನೆ ಯೇಸು. ಹುಟ್ಟಿಗೂ ಪಾಪಕ್ಕೂ ಗಂಟು ಹಾಕೋದನ್ನ ಒಂದೇ ಏಟಿಗೆ ಬಿಚ್ಚಿಬಿಡ್ತಾನೆ. ನಮ್ಮ ಜನಕ್ಕೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ ಹೇಳಿ. ಸಾವಿನ ಮನೆಗಳಲ್ಲಿ ಇದನ್ನ ಯಾಕೆ ಓದಲ್ಲ?

ಬಾಬಾಸಾಹೇಬರು ಈ ತೊಡಕನ್ನ ಆವತ್ತೇ ಹಿಡಿದಿದ್ದರು. 1989ರಲ್ಲಿ ಬಂದ ಅವರ ಬರಹ ಭಾಷಣಗಳ ಐದನೇ ಸಂಪುಟದಲ್ಲಿ ಮತಾಂತರಗೊಂಡವರ ಸ್ಥಿತಿಗತಿಯ ಲೇಖನ ಇದೆ, ಹುಡುಕಿ ಓದಿ. ಅಸ್ಪೃಶ್ಯನ ದುರ್ಗತಿಗೆ ಕಾರಣ ಅವನ ಸುತ್ತಲಿನ ಕೆಟ್ಟ ಸಮಾಜ ಮತ್ತು ಧರ್ಮ. ಅವನಿಗೆ ನಿನ್ನ ಪಾಪವೇ ಕಾರಣ ಅಂತ ಕಲಿಸಿದ್ರೆ ಅವನು ಸಮಾಜದ ಮೇಲೆ ಸಿಟ್ಟಾಗೋದು ಬಿಟ್ಟು ತನ್ನನ್ನೇ ತಿದ್ದಿಕೊಳ್ತಾ ಕೂರ್ತಾನೆ ಅನ್ನೋದು ಅವರ ತಕರಾರಿನ ಸಾರ. ದೊಡ್ಡಮ್ಮ ಬಾಬಾಸಾಹೇಬರನ್ನ ಓದಿಲ್ಲ. ಕೇಳಿದ್ದು ಮಾತ್ರ ಅದನ್ನೇ.

ಸಭೆಯ ಒಳಗಿನವರೂ ಸುಮ್ಮನೆ ಕೂತಿಲ್ಲ. ದಲಿತ ದೇವತಾಶಾಸ್ತ್ರ ಶುರುವಾಗಿದ್ದು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಅಂತಾರೆ. ಕೊರಿಯಾ ಮೂಲದ ಆಂಡ್ರ್ಯೂ ಸಂಗ್ ಪಾರ್ಕ್ 1993ರ ಪುಸ್ತಕದಲ್ಲಿ, ಪಾಪ ಮಾಡಿದವನಿಗೆ ಕ್ಷಮೆಯ ದಾರಿ ಹೇಳೋ ಸಭೆ ಆ ಪಾಪದಿಂದ ಗಾಯಗೊಂಡವನಿಗೆ ಏನು ಹೇಳುತ್ತೆ ಅಂತ ಕೇಳ್ತಾರೆ. ಆ ಗಾಯಕ್ಕೆ ಕೊರಿಯನ್ನರು ಇಟ್ಟಿರೋ ಹೆಸರು 'ಹಾನ್'. ಪೋಪ್ ಎರಡನೇ ಜಾನ್ ಪಾಲ್ ಕೂಡ 1987ರಲ್ಲಿ ಪಾಪದ ರಚನೆಗಳು ಅನ್ನೋ ಮಾತು ಬಳಸಿದ್ರು. ಕಾಗದದ ಮೇಲೆ ಎಲ್ಲಾ ಇದೆ. ಆದರೂ ನಮ್ಮ ದೇಶದ ಎಷ್ಟೋ ಚರ್ಚುಗಳಲ್ಲಿ ದಲಿತರ ಸಮಾಧಿ ಇವತ್ತಿಗೂ ಬೇರೆ. ಆ ಪಾಪಕ್ಕೆ ಯಾರೂ ಮಂಡಿಯೂರಿದ್ದು ನಾನು ನೋಡಿಲ್ಲ.

ಇನ್ನು ಸರ್ಕಾರದ ಪಾಪ. 1950ರ ಪರಿಶಿಷ್ಟ ಜಾತಿ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ದಲಿತ ಕ್ರೈಸ್ತರೂ ದಲಿತ ಮುಸ್ಲಿಮರೂ ಹೊರಗೇ. ಅಣ್ಣನ ಹೆಣದ ಮೇಲೆ ಶಿಲುಬೆ ನೋಡಿ ಠಾಣೆಯವರು ಮೊದಲು ಕೇಳಿದ್ದೇ, "ನೀವು ಕ್ರಿಶ್ಚಿಯನ್ನರಲ್ವಾ, ಅಟ್ರಾಸಿಟಿ ಹೆಂಗ್ ಬರುತ್ತೆ?" ಅಂತ. ಗುಂಡಿಗೆ ಇಳಿಸೋವಾಗ ಯಾರೂ ಧರ್ಮ ಕೇಳಿರಲಿಲ್ಲ. ಮನುಷ್ಯರನ್ನ ಹೀಗೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ನಮ್ಮ ಎಫ್‌ಐಆರ್‌ನಲ್ಲಿ ಇನ್ನೂ ಕಂಟ್ರಾಕ್ಟರ್ ಹೆಸರೇ ಇಲ್ಲ.

ಮೊನ್ನೆ ಪಾಸ್ಟರ್ ಜೊತೆ ಕೂತು ಕಾಯಿನ ಹೇಬೆಲರ ಕಥೆ ಮಾತಾಡಿದೆ. ಅಲ್ಲಿ ದೇವರು ಸತ್ತ ತಮ್ಮನ ಪಾಪ ಲೆಕ್ಕ ಹಾಕಲ್ಲ. ಕೊಂದವನ ಹತ್ರ ಹೋಗಿ, ನಿನ್ನ ತಮ್ಮ ಎಲ್ಲಿ ಅಂತ ಕೇಳ್ತಾನೆ. ಪಾಸ್ಟರ್ ತುಂಬಾ ಹೊತ್ತು ಸುಮ್ಮನಿದ್ರು. ಈ ಭಾನುವಾರ ಅದನ್ನೇ ಓದ್ತೀನಿ ಅಂದಿದ್ದಾರೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಸ್‌ಪಿ ಆಫೀಸ್ ಮುಂದೆ ಸೇರ್ತಿದ್ದೀವಿ. ದೊಡ್ಡಮ್ಮ ಬರ್ತಾರೆ, ಪಾಸ್ಟರೂ ಬರ್ತಾರಂತೆ. ಜಿಲ್ಲೆಯಲ್ಲಿರೋ ಗೆಳೆಯರು ದಯವಿಟ್ಟು ಬನ್ನಿ.